ಕಾಗೆಯ ಗೂಡಿನಲ್ಲಿ ಕೋಗಿಲೆಯ ಮೊಟ್ಟೆ

ಕನ್ನಡ ಪಂಡಿತನೊಬ್ಬನು ಕಂಪ್ಯೂಟರು ಕಳ್ಳರ ವಿಷಯವಾಗಿ ಬಾನುಲಿಯಲ್ಲಿ ಮಾತನಾಡಲಿದ್ದಾನೆಂಬ ಸುದ್ದಿ ನಮ್ಮ ಹೈಸ್ಕೂಲಿನ ಅಧ್ಯಾಪಕರ ಕೊಠಡಿಗೆ ಮುಟ್ಟಿದಾಗ ಅಲ್ಲಿ ಎದ್ದ ನಗೆ ಇನ್ನೂ ನನ್ನ ಕಿವಿಯಲ್ಲಿದೆ. "ಸಂಧಿ ಸಮಾಸ ಬಿಟ್ಟು ಇದೇನು ಸ್ವಾಮಿ ಹೊಸ ಅವತಾರ?" ಎಂದು ಗಣಿತದ ಮೇಷ್ಟರು ಕೇಳಿದರು. ನಾನು ಉತ್ತರ ಹೇಳಲಿಲ್ಲ. ಆ ಉತ್ತರವನ್ನು ನಿಮ್ಮ ಮುಂದೆ ಹೇಳುತ್ತೇನೆ. ಮೂವತ್ತು ವರ್ಷಗಳಿಂದ ನಾನು ಮಾಡಿಕೊಂಡು ಬಂದಿರುವ ಕೆಲಸವಾದರೂ ಏನು? ಮಕ್ಕಳ ಬರೆಹದಲ್ಲಿ ಇರಬಾರದ ಅಕ್ಷರ ಎಲ್ಲಿದೆ ಎಂದು ಹುಡುಕಿ ಅದರ ಕೆಳಗೆ ಕೆಂಪು ಗೆರೆ ಎಳೆಯುವುದು. ಈ ಕಾಲದಲ್ಲಿ ದೊಡ್ಡ ಬ್ಯಾಂಕುಗಳೂ ಆಸ್ಪತ್ರೆಗಳೂ ಕಾರ್ಖಾನೆಗಳೂ ಕೋಟಿಗಟ್ಟಲೆ ಹಣ ತೆತ್ತು ಮಾಡಿಸಿಕೊಳ್ಳುತ್ತಿರುವ ಕೆಲಸವೂ ಬಹುಮಟ್ಟಿಗೆ ಅದೇ.

ಬಾಂಗ್ಲಾದೇಶದ ಕೇಂದ್ರ ಬ್ಯಾಂಕಿನ ಕಥೆಯನ್ನು ನೀವು ಪತ್ರಿಕೆಗಳಲ್ಲಿ ಓದಿರಬಹುದು. ಆ ಬ್ಯಾಂಕಿನ ವಿದೇಶೀ ಹಣದ ಒಂದು ಭಾಗವು ನ್ಯೂಯಾರ್ಕಿನ ಫೆಡರಲ್ ರಿಸರ್ವ್ ಬ್ಯಾಂಕಿನಲ್ಲಿ ಇರುತ್ತಿತ್ತು. 2016ನೆಯ ಇಸವಿ ಫೆಬ್ರವರಿ 4ರ ಗುರುವಾರ ರಾತ್ರಿ, ಢಾಕಾದ ಕಚೇರಿ ಮುಚ್ಚಿದ ಮೇಲೆ, ಆ ಕಚೇರಿಯ ಕಂಪ್ಯೂಟರುಗಳೊಳಗೆ ಮೊದಲೇ ಸೇರಿಕೊಂಡಿದ್ದ ಕಳ್ಳರು ಬ್ಯಾಂಕಿನ ಹೆಸರಿನಲ್ಲಿ ನ್ಯೂಯಾರ್ಕಿಗೆ 35 ಆದೇಶಗಳನ್ನು ಕಳುಹಿಸಿದರು. ಒಟ್ಟು ಮೊತ್ತ ಸುಮಾರು 95 ಕೋಟಿ ಡಾಲರು. ಬ್ಯಾಂಕುಗಳು ಪರಸ್ಪರ ಸಂದೇಶ ಕಳುಹಿಸಲು ಬಳಸುವ ಸ್ವಿಫ್ಟ್ ಎಂಬ ಜಾಲದ ಮೂಲಕ, ಕ್ರಮಬದ್ಧವಾದ ಗುಪ್ತಪದಗಳೊಡನೆ ಬಂದ ಆದೇಶಗಳಾದ್ದರಿಂದ ಐದು ನಡೆದೇಹೋದವು. ನಾಲ್ಕರಿಂದ 8 ಕೋಟಿ 10 ಲಕ್ಷ ಡಾಲರು ಫಿಲಿಪೈನ್ಸಿನ ಒಂದು ಬ್ಯಾಂಕಿಗೆ ಹೋಯಿತು. ಅಲ್ಲಿಂದ ಬಹುಪಾಲು ಜೂಜುಕಟ್ಟೆಗಳನ್ನು ಹೊಕ್ಕು ಕಣ್ಮರೆಯಾಯಿತು. ಐದನೆಯದು 2 ಕೋಟಿ ಡಾಲರಿನದು. ಅದು ಶ್ರೀಲಂಕೆಯ ಒಂದು ಸೇವಾಸಂಸ್ಥೆಯ ಹೆಸರಿಗೆ ಹೊರಟಿತ್ತು. ಆ ಹೆಸರಿನಲ್ಲಿ 'ಫೌಂಡೇಶನ್' ಎಂದಿರಬೇಕಾದಲ್ಲಿ 'ಫ್ಯಾಂಡೇಶನ್' ಎಂದಿತ್ತು. ನಡುವೆ ಹಣ ದಾಟಿಸಬೇಕಾಗಿದ್ದ ಡಾಯಿಷ್ ಬ್ಯಾಂಕಿನಲ್ಲಿ ಇದು ಕಣ್ಣಿಗೆ ಬಿತ್ತು. "ಇದೇನು?" ಎಂದು ವಿಚಾರಿಸಿದರು. ಆ ಹಣ ಉಳಿಯಿತು.

ಆ ಒಂದು ಕಾಗುಣಿತದ ತಪ್ಪೇ 95 ಕೋಟಿಯನ್ನೂ ಉಳಿಸಿತೆಂದು ಬರೆದವರುಂಟು. ನನ್ನ ಕಸುಬಿನ ಮೇಲೆ ನನಗೆ ಎಷ್ಟೇ ಅಭಿಮಾನವಿದ್ದರೂ ಅದು ಅತಿಶಯೋಕ್ತಿಯೆಂದು ಒಪ್ಪಲೇಬೇಕು. ಉಳಿದ 30 ಆದೇಶಗಳನ್ನು ನ್ಯೂಯಾರ್ಕಿನವರು ಬೇರೆ ಕಾರಣಗಳಿಗಾಗಿ ತಡೆದರು. ಆದರೆ ಕಳ್ಳತನದ ಕಥೆಯಲ್ಲಿ ನನ್ನ ಮನಸ್ಸನ್ನು ಹೆಚ್ಚಾಗಿ ಹಿಡಿದದ್ದು ಆ ಅಕ್ಷರವೂ ಅಲ್ಲ, ಒಂದು ಪ್ರಿಂಟರು.

ಢಾಕಾದ ಆ ಕಚೇರಿಯಲ್ಲಿ ಹಗಲಿರುಳೂ ನಡೆಯುವ ಒಂದು ಪ್ರಿಂಟರು ಇತ್ತು. ಹೊರಗಿಂದ ಬಂದ, ಹೊರಗೆ ಹೋದ ಪ್ರತಿಯೊಂದು ಸಂದೇಶವೂ ಅದರಲ್ಲಿ ಅಚ್ಚಾಗಿ ಬರುತ್ತಿತ್ತು. ಶುಕ್ರವಾರ ಬೆಳಗ್ಗೆ ಬಂದವರು ನೋಡಿದರೆ ತಟ್ಟೆ ಬರಿದು. ಪ್ರಿಂಟರು ಕೆಲಸ ಮಾಡುತ್ತಿಲ್ಲ. ಹಿಂದೆಯೂ ಹೀಗೆ ಕೆಟ್ಟದ್ದುಂಟು, ಸರಿಯಾದೀತು ಎಂದುಕೊಂಡರು. ಅಲ್ಲಿ ಶುಕ್ರವಾರ ವಾರದ ರಜೆ. ಪ್ರಿಂಟರನ್ನು ಕೆಡಿಸಿದವರು ಕಳ್ಳರೇ ಎಂದು ಆ ಹೊತ್ತಿನಲ್ಲಿ ಯಾರು ಎಣಿಸಿಯಾರು? ಅದನ್ನು ಸರಿಪಡಿಸಿದಾಗ ನ್ಯೂಯಾರ್ಕಿನವರ ಆತಂಕದ ಪ್ರಶ್ನೆಗಳು ಹೊರಬಂದವು. ಆದರೆ ಅಷ್ಟರಲ್ಲಿ ಅಮೆರಿಕದಲ್ಲಿ ಶನಿವಾರ ಭಾನುವಾರದ ರಜೆ, ಸೋಮವಾರ ಫಿಲಿಪೈನ್ಸಿನಲ್ಲಿ ಚೀನೀ ಹೊಸವರ್ಷದ ರಜೆ. ಮೂರು ದೇಶಗಳ ಪಂಚಾಂಗವನ್ನು ಮುಂದಿಟ್ಟುಕೊಂಡು ಮುಹೂರ್ತವಿಟ್ಟ ಕಳ್ಳತನ ಅದು. ಕಳ್ಳರು ಒಳಹೊಕ್ಕದ್ದಾದರೂ ಆ ರಾತ್ರಿಯಲ್ಲ. ಕೆಲಸ ಬೇಡುವ ಅರ್ಜಿಯ ವೇಷದ ಇ-ಮೇಲಿನಿಂದ, ಒಂದು ವರ್ಷ ಮೊದಲೇ. ಫಿಲಿಪೈನ್ಸಿನಲ್ಲಿ ಖಾತೆಗಳನ್ನು ತೆರೆದದ್ದು 2015ನೆಯ ಇಸವಿ ಮೇ ತಿಂಗಳಲ್ಲಿ. ಅಂದರೆ ಕೇಡು ಒಂದು ವರ್ಷ ಕಾಲ ಮನೆಯೊಳಗೆ ಉಸಿರಾಡುತ್ತಿತ್ತು. ಆ ಉಸಿರಿನ ಸದ್ದನ್ನು ಕೇಳುವುದು ಹೇಗೆ? ನನ್ನ ಮಾತಿನ ವಿಷಯ ಇದು.

ಈ ವಿದ್ಯೆಗೆ ಇಂಗ್ಲಿಷಿನಿಂದ ಬಂದ ಉದ್ದನೆಯ ಹೆಸರಿದೆ. ಪತ್ರಿಕೆಯವರು 'ಸೈಬರ್ ಗುಪ್ತಚರ್ಯೆ' ಎನ್ನುತ್ತಾರೆ. ನಮ್ಮಲ್ಲಿ 'ಬೇಹು' ಎಂಬ ಹಳೆಯ ಒಳ್ಳೆಯ ಮಾತೇ ಇದೆ. ಬೇಹುಗಾರ, ಬೇಹಿನವನು ಎಂಬಲ್ಲಿ ಅದು ಇನ್ನೂ ಜೀವದಿಂದಿದೆ. ಸೈಬರ್ ಬೇಹು ಎಂದರೆ ಎರಡು ಕಣ್ಣುಗಳಿಂದ ನೋಡುವುದು. ಒಂದು ಕಣ್ಣು ಹೊರಗೆ: ಲೋಕದಲ್ಲಿ ಯಾವ ಕಳ್ಳರು ಎದ್ದಿದ್ದಾರೆ, ಯಾವ ಕನ್ನಗತ್ತರಿ ಹಿಡಿದಿದ್ದಾರೆ, ನೆರೆಮನೆಯಲ್ಲಿ ಯಾವ ಬಾಗಿಲು ಮುರಿದರು ಎಂಬುದನ್ನು ತಿಳಿಯುವುದು. ಇನ್ನೊಂದು ಕಣ್ಣು ಒಳಗೆ: ನಮ್ಮ ಮನೆಯ ವಾಡಿಕೆ ಏನು, ಆ ವಾಡಿಕೆಗೆ ಹೊರತಾದದ್ದು ಇಂದು ಏನು ನಡೆಯಿತು ಎಂದು ಗಮನಿಸುವುದು. ಕಂಪ್ಯೂಟರು ತಾನು ಮಾಡಿದ ಪ್ರತಿಯೊಂದು ಕೆಲಸವನ್ನೂ ದಿನಚರಿಯಂತೆ ಬರೆದಿಡಬಲ್ಲದು. ಅದಕ್ಕೆ 'ಲಾಗ್' ಎಂದು ಹೆಸರು. ಕೇಡಿನ ಕಡತವೊಂದು ಎಲ್ಲಿಯಾದರೂ ಸಿಕ್ಕಿತೆಂದರೆ ಅದರಿಂದ ಗಣಿತದ ಮೂಲಕ ಹೆಬ್ಬೆಟ್ಟಿನ ಗುರುತಿನಂಥ ಒಂದು ಸಂಖ್ಯೆಯನ್ನು ಪಡೆಯಬಹುದು. ಆ ಗುರುತನ್ನು ಹತ್ತು ಊರಿಗೆ ಕಳುಹಿಸಿದರೆ, ಅದೇ ಕಡತ ಅಲ್ಲಿಗೆ ಬಂದಾಗ ಬಾಗಿಲಲ್ಲೇ ಹಿಡಿಯಬಹುದು. ಕಳ್ಳನು ಕಡತದಲ್ಲಿ ಒಂದಕ್ಷರ ಬದಲಿಸಿದರೆ ಗುರುತೂ ಬದಲಾಗುತ್ತದೆಂಬುದೊಂದು ಕೊರತೆ. ಆದ್ದರಿಂದ ಬಲ್ಲವರು ಮುಖಕ್ಕಿಂತ ನಡಿಗೆಯನ್ನು ಹೆಚ್ಚಾಗಿ ನೋಡುತ್ತಾರೆ.

ಇದು ನಮಗೆ ತೀರ ಹೊಸದಲ್ಲ. ಮೈಸೂರಿನ ಪ್ರಾಚ್ಯಗ್ರಂಥಾಲಯದಲ್ಲಿ ರುದ್ರಪಟ್ಟಣದ ಶಾಮಾಶಾಸ್ತ್ರಿಗಳ ಕಣ್ಣಿಗೆ 1905ರಲ್ಲಿ ಬಿದ್ದ, 1909ರಲ್ಲಿ ಅವರು ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಗೂಢಪುರುಷರಿಗಾಗಿಯೇ ಪ್ರಕರಣಗಳಿವೆ. ಶಿಷ್ಯನ ವೇಷ, ಒಕ್ಕಲಿಗನ ವೇಷ, ವರ್ತಕನ ವೇಷ, ತಪಸ್ವಿಯ ವೇಷ — ಪಟ್ಟಿ ದೊಡ್ಡದು. ನನಗೆ ಹಿಡಿಸಿದ್ದು ವೇಷಗಳ ಪಟ್ಟಿಯಲ್ಲ. ಅಲ್ಲಿನ ಒಂದು ಎಚ್ಚರ. ಒಬ್ಬ ಚಾರ ತಂದ ಸುದ್ದಿಯನ್ನು ಕೂಡಲೆ ನಂಬಬಾರದು. ಒಬ್ಬರನ್ನೊಬ್ಬರು ಅರಿಯದ ಮೂವರ ಮಾತು ಒಂದಾದರೆ ಆಗ ನಂಬಬೇಕು ಎಂಬುದು ಅದರ ತಾತ್ಪರ್ಯ. ಇಂದಿನ ಬೇಹು ಕೇಂದ್ರಗಳಲ್ಲಿ ಕುಳಿತವರೂ ಇದನ್ನೇ ಮಾಡುತ್ತಾರೆ. ನಡುರಾತ್ರಿ ಒಬ್ಬ ಗುಮಾಸ್ತನ ಹೆಸರಿನಲ್ಲಿ ಯಾರೋ ಕಂಪ್ಯೂಟರು ತೆರೆದರು — ಇರಬಹುದು, ಅವನಿಗೆ ಕೆಲಸ ಬಾಕಿ ಇದ್ದಿರಬಹುದು. ಅದೇ ಹೊತ್ತಿಗೆ ಅವನು ಎಂದೂ ಮುಟ್ಟದ ಕಡತಗಳನ್ನು ಮುಟ್ಟಿದರು. ಅದೇ ಹೊತ್ತಿಗೆ ಹೊರನಾಡಿನ ಅಪರಿಚಿತ ವಿಳಾಸವೊಂದಕ್ಕೆ ಏನೋ ಹೋಯಿತು. ಮೂರು ಸಾಕ್ಷಿಗಳು ಒಂದೇ ಮಾತು ಹೇಳಿದವು, ಇನ್ನು ಮಲಗುವಂತಿಲ್ಲ.

ಈ ಕಸುಬಿನ ಆದಿಪುರುಷನೆಂದು ನಾನು ಲೆಕ್ಕ ಹಾಕುವುದು ಕ್ಲಿಫರ್ಡ್ ಸ್ಟಾಲ್ ಎಂಬ ಒಬ್ಬ ಖಗೋಳಶಾಸ್ತ್ರಜ್ಞನನ್ನು. ಆತ 1986ರಲ್ಲಿ ಕ್ಯಾಲಿಫೋರ್ನಿಯದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿದ್ದ. ನಕ್ಷತ್ರ ನೋಡುವ ಕೆಲಸಕ್ಕೆ ಹಣ ಮುಗಿದುದರಿಂದ ಆತನನ್ನು ಕಂಪ್ಯೂಟರು ನೋಡಿಕೊಳ್ಳುವ ಕೆಲಸಕ್ಕೆ ಹಾಕಿದರು. ಆ ಕಾಲದಲ್ಲಿ ಕಂಪ್ಯೂಟರು ಬಳಸಿದ ಪ್ರತಿ ಕ್ಷಣಕ್ಕೂ ಬಾಡಿಗೆ ಕಟ್ಟಬೇಕಾಗಿತ್ತು. ತಿಂಗಳ ಲೆಕ್ಕದಲ್ಲಿ 75 ಸೆಂಟು ಕಡಿಮೆ ಬಂತು. 75 ಸೆಂಟು ಎಂದರೆ ಮುಕ್ಕಾಲು ಡಾಲರು. ಯಾರಾದರೂ ಜೇಬಿನಿಂದ ಹಾಕಿ ಲೆಕ್ಕ ಮುಚ್ಚಿಬಿಡಬಹುದಾಗಿತ್ತು. ಆದರೆ ಹೊಸಬನಾದ ಸ್ಟಾಲ್‌ಗೆ ಅದನ್ನು ಬಿಡಲು ಮನಸ್ಸಾಗಲಿಲ್ಲ. ಹುಡುಕಿದಾಗ, ಬಾಡಿಗೆ ಕಟ್ಟದ ಒಬ್ಬ ಬಳಕೆದಾರನ ಹೆಸರು ಪಟ್ಟಿಯಲ್ಲಿ ಸಿಕ್ಕಿತು. ಅಂಥವನು ಆ ಪ್ರಯೋಗಾಲಯದಲ್ಲಿ ಇರಲೇ ಇಲ್ಲ.

ಮುಂದೆ ಆತ ಮಾಡಿದ್ದು ಸೊಗಸಾದ ಕೆಲಸ. ಕಳ್ಳನನ್ನು ಕಂಡಕೂಡಲೆ ಬಾಗಿಲು ಹಾಕಲಿಲ್ಲ. ಹಾಕಿದ್ದರೆ ಬಂದವನು ಯಾರು, ಏತಕ್ಕೆ ಬಂದ ಎಂಬುದು ತಿಳಿಯುತ್ತಲೇ ಇರಲಿಲ್ಲ. ಹೊರಗಿನಿಂದ ಬರುವ ದೂರವಾಣಿ ತಂತಿಗಳಿಗೆ ಎರವಲು ತಂದ ಪ್ರಿಂಟರುಗಳನ್ನು ಜೋಡಿಸಿ, ಅವುಗಳ ನಡುವೆಯೇ ಮಲಗಿ, ಕಳ್ಳನು ಒತ್ತಿದ ಪ್ರತಿಯೊಂದು ಅಕ್ಷರವನ್ನೂ ಕಾಗದದ ಮೇಲೆ ಇಳಿಸಿಕೊಂಡ. ದಿನದಿನದ ವಿವರವನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟ. ಕಳ್ಳನು ಅಮೆರಿಕದ ಸೈನ್ಯದ ಕಂಪ್ಯೂಟರುಗಳ ಬಾಗಿಲುಗಳನ್ನು ಒಂದೊಂದಾಗಿ ತಟ್ಟುತ್ತಿದ್ದುದು ಹೀಗೆ ಕಂಡಿತು. ಅಲ್ಲಿನ ಅಪರಾಧ ಶೋಧಕ ಇಲಾಖೆಗೆ ಹೇಳಿದರೆ, ನಷ್ಟ ಎಷ್ಟೆಂದು ಕೇಳಿದರು. 75 ಸೆಂಟು ಎಂದಾಗ ಆಸಕ್ತಿ ಕಳೆದುಕೊಂಡರು. ದೂರವಾಣಿಯ ಜಾಡು ಹಿಡಿಯಬೇಕಾದರೆ ಕಳ್ಳನು ಬಹಳ ಹೊತ್ತು ಒಳಗೇ ಇರಬೇಕು. ಅದಕ್ಕಾಗಿ ಸ್ಟಾಲ್ ಮತ್ತು ಆತನ ಗೆಳತಿ, ರಕ್ಷಣಾ ರಹಸ್ಯಗಳಂತೆ ತೋರುವ ಉದ್ದುದ್ದದ ಸುಳ್ಳು ಕಡತಗಳನ್ನು ಸೃಷ್ಟಿಸಿ ಅಲ್ಲಿಟ್ಟರು. ಇಲಿಬೋನಿಗೆ ಕೊಬ್ಬರಿ ಇಟ್ಟಂತೆ. ಕಳ್ಳನು ಓದುತ್ತ ಕುಳಿತ. ಜಾಡು ಪಶ್ಚಿಮ ಜರ್ಮನಿಯ ಹ್ಯಾನೋವರ್ ನಗರಕ್ಕೆ ಮುಟ್ಟಿತು. ಮಾರ್ಕುಸ್ ಹೆಸ್ ಎಂಬಾತನೂ ಅವನ ಸಂಗಡಿಗರೂ ಕದ್ದ ಮಾಹಿತಿಯನ್ನು ಸೋವಿಯತ್ ಗುಪ್ತಚರ ಸಂಸ್ಥೆಗೆ ಮಾರುತ್ತಿದ್ದರು. 1990ರಲ್ಲಿ ಅವರ ಮೇಲಿನ ಆರೋಪ ಸಾಬೀತಾಯಿತು. ಇಷ್ಟಕ್ಕೂ ಮೊದಲು ಮುಕ್ಕಾಲು ಡಾಲರು.

ಸ್ಟಾಲ್ 1989ರಲ್ಲಿ ಬರೆದ ಪುಸ್ತಕಕ್ಕೆ ಕೋಗಿಲೆಯ ಮೊಟ್ಟೆ ಎಂಬರ್ಥದ ಹೆಸರಿಟ್ಟಿದ್ದಾನೆ. ಕಳ್ಳನು ಮಾಡಿದ್ದು ಅದೇ: ಕಂಪ್ಯೂಟರು ಐದು ನಿಮಿಷಕ್ಕೊಮ್ಮೆ ತಾನಾಗಿ ನಡೆಸುವ ಒಂದು ಕ್ರಮವಿಧಿಯನ್ನು ತೆಗೆದು ಅದರ ಜಾಗದಲ್ಲಿ ತನ್ನದನ್ನು ಇಟ್ಟ. ಯಂತ್ರವು ಅದನ್ನು ತನ್ನದೆಂದೇ ಕಾವು ಕೊಟ್ಟು ಮರಿಮಾಡಿತು. ಈ ಹೆಸರು ಓದಿದಾಗ ನನಗೆ ಅಮರಕೋಶ ನೆನಪಾಯಿತು. ಅಲ್ಲಿ ಕೋಗಿಲೆಗೆ 'ಪರಭೃತ' ಎಂಬ ಹೆಸರಿದೆ, ಪರರಿಂದ ಸಾಕಲ್ಪಟ್ಟದ್ದು. ಕಾಗೆಗೆ 'ಪರಭೃತ್' ಎಂಬ ಹೆಸರಿದೆ, ಪರರನ್ನು ಸಾಕುವುದು. ಮನೆಯವನಿಗೂ ಹೊಕ್ಕವನಿಗೂ ಇರುವ ಅಂತರ ಕೊನೆಯ ಒಂದು ಅಕಾರ. ಬಾಯಿಪಾಠ ಮಾಡಿಸುವಾಗ ನನ್ನ ಗುರುಗಳು ಇಲ್ಲಿ ತಪ್ಪಿದವರಿಗೆ ಬೆತ್ತ ತೋರಿಸುತ್ತಿದ್ದರು. ಇಂದಿನ ಮೋಸದ ಇ-ಮೇಲುಗಳ ವಿಳಾಸಗಳನ್ನು ನೋಡಿದರೆ ಆ ಬೆತ್ತ ಇನ್ನೂ ಇರಬೇಕಾಗಿತ್ತು ಎನಿಸುತ್ತದೆ.

ಸುಳಿವು ಸಿಗುವುದು ಬೇರೆ, ಸಿಕ್ಕ ಸುಳಿವಿಗೆ ಕಿವಿಗೊಡುವುದು ಬೇರೆ. ಇದಕ್ಕೆ ನಮ್ಮ ಬೆಂಗಳೂರೇ ಸಾಕ್ಷಿ. ಅಮೆರಿಕದಲ್ಲಿ ಟಾರ್ಗೆಟ್ ಎಂಬ ದೊಡ್ಡ ಅಂಗಡಿ ಸಂಸ್ಥೆಯಿದೆ. ಅದರ ಕಂಪ್ಯೂಟರುಗಳನ್ನು ಹಗಲಿರುಳೂ ಕಾಯುವ ಒಂದು ತಂಡ ಬೆಂಗಳೂರಿನಲ್ಲಿತ್ತು. ಫೈರ್‌ಐ ಎಂಬ ಕಂಪನಿಯಿಂದ ಕೊಂಡ, ಹದಿನಾರು ಲಕ್ಷ ಡಾಲರು ಬೆಲೆಯ ಎಚ್ಚರಿಕೆಯ ಸಾಧನವೂ ಇತ್ತು. 2013ನೆಯ ಇಸವಿ ನವೆಂಬರ್ 30ರಂದು ಆ ಸಾಧನವು ಗಂಟೆ ಬಾರಿಸಿತು. ಬೆಂಗಳೂರಿನವರು ಅದನ್ನು ಕಂಡು, ಮಿನಿಯಾಪೊಲಿಸಿನ ಕೇಂದ್ರ ಕಚೇರಿಗೆ ತಿಳಿಸಿದರು. ಅಲ್ಲಿ ಏನೂ ನಡೆಯಲಿಲ್ಲ. ಕಳ್ಳರು ಕದ್ದ ಮಾಲನ್ನು ಇನ್ನೂ ಹೊರಸಾಗಿಸಿಯೇ ಇರಲಿಲ್ಲ. ಎರಡು ದಿನ ಬಿಟ್ಟು ಸಾಗಿಸಲಾರಂಭಿಸಿದರು. ಕೇಡಿನ ಕಡತಗಳನ್ನು ತಾನೇ ಅಳಿಸಿಹಾಕುವ ಶಕ್ತಿ ಆ ಸಾಧನಕ್ಕಿತ್ತು. ಅದನ್ನು ಬೇಡವೆಂದು ನಿಲ್ಲಿಸಿಟ್ಟಿದ್ದರು. 4 ಕೋಟಿ ಗಿರಾಕಿಗಳ ಕಾರ್ಡುಗಳ ವಿವರ ಕಳುವಾಯಿತು. ಕಳ್ಳರು ಒಳಬಂದ ದಾರಿ ಯಾವುದೆಂದರೆ, ಅಂಗಡಿಗಳ ಶೈತ್ಯಯಂತ್ರಗಳ ಕೆಲಸ ನೋಡುತ್ತಿದ್ದ ಒಬ್ಬ ಗುತ್ತಿಗೆದಾರರ ಗುಪ್ತಪದ.

ಮಿನಿಯಾಪೊಲಿಸಿನವರನ್ನು ಬಯ್ಯುವುದು ಸುಲಭ. ಆದರೆ ಅಂಥ ಸಾಧನಗಳು ದಿನಕ್ಕೆ ನೂರಾರು ಸಲ ಗಂಟೆ ಬಾರಿಸುತ್ತವೆ. ರಾತ್ರಿಯೆಲ್ಲಾ ಬೊಗಳುವ ನಾಯಿಯ ಮನೆಯವರು ನಿಜವಾದ ಕಳ್ಳ ಬಂದ ರಾತ್ರಿಯೂ ಮಗ್ಗುಲು ಬದಲಿಸಿ ಮಲಗುತ್ತಾರೆ. ಎಚ್ಚರಿಕೆ ಹೆಚ್ಚಾದಷ್ಟೂ ಎಚ್ಚರ ಕಡಿಮೆಯಾಗುವುದು ಈ ವಿದ್ಯೆಯ ದೊಡ್ಡ ಕಷ್ಟ. ಯಾವ ಗಂಟೆಗೆ ಏಳಬೇಕೆಂದು ತಿಳಿಯಲು ಕೊನೆಗೂ ಮನುಷ್ಯನೊಬ್ಬನು ಬೇಕು. ಅವನ ಮಾತನ್ನು ಕೇಳುವ ಮೇಲಿನವನೊಬ್ಬನೂ ಬೇಕು.

ಅದೇ ಫೈರ್‌ಐ ಕಂಪನಿಯ ಮನೆಗೇ 2020ರಲ್ಲಿ ಕನ್ನ ಬಿತ್ತು. ಆಗ ಅವರಿಗೆ ಸುಳಿವು ಸಿಕ್ಕಿದ್ದು ಹೀಗೆ: ಒಬ್ಬ ನೌಕರನ ಹೆಸರಿನಲ್ಲಿ ಎರಡನೆಯ ಫೋನೊಂದು ನೋಂದಣಿಯಾಗಿತ್ತು. ಕಾವಲಿನವರು ಆತನಿಗೇ ಫೋನು ಮಾಡಿ, ಹೊಸ ಫೋನು ನಿಮ್ಮದೆ ಎಂದು ವಿಚಾರಿಸಿದರು. ಆತ ಅಲ್ಲವೆಂದ. ಆ ಒಂದು 'ಅಲ್ಲ'ವನ್ನು ಹಿಡಿದು ಹೋದಾಗ, ಸೋಲಾರ್‌ವಿಂಡ್ಸ್ ಎಂಬ ಕಂಪನಿಯ ತಂತ್ರಾಂಶದೊಳಗೆ ಇಟ್ಟಿದ್ದ ಮೊಟ್ಟೆ ಬಯಲಾಯಿತು. ಸುಮಾರು 18,000 ಸಂಸ್ಥೆಗಳು ಅದನ್ನು ತಮ್ಮ ಕೈಯಾರೆ ಗೂಡಿಗೆ ಇಳಿಸಿಕೊಂಡಿದ್ದವು. ಅಮೆರಿಕದ ಸರಕಾರದ ಇಲಾಖೆಗಳೂ ಅವುಗಳಲ್ಲಿದ್ದವು.

ಒಂದು ಫೋನು ಕರೆ. ಇಲ್ಲಿ ನಾನು ನನ್ನ ವಿಷಯ ಹೇಳದೆ ಮುಂದುವರಿದರೆ ಅಪ್ರಾಮಾಣಿಕತೆಯಾಗುತ್ತದೆ.

ನಾನು ಕೆಲವು ವರ್ಷ ಒಂದು ಶಿಕ್ಷಕರ ಸಹಕಾರ ಸಂಘಕ್ಕೆ ಗೌರವ ಕಾರ್ಯದರ್ಶಿಯಾಗಿದ್ದೆ. ಜೂನ್ ತಿಂಗಳಲ್ಲಿ ಶಾಲೆಗಳು ತೆರೆಯುವ ಮುನ್ನ ನೋಟ್‌ಬುಕ್ಕುಗಳನ್ನು ಸಗಟಾಗಿ ತರಿಸಿ ಸದಸ್ಯರಿಗೆ ಕಡಿಮೆ ಬೆಲೆಗೆ ಕೊಡುವುದು ನಮ್ಮ ಪದ್ಧತಿ. ಒಂದು ವರ್ಷ ಸರಬರಾಜುದಾರರ ಹೆಸರಿನಲ್ಲಿ ಇ-ಮೇಲು ಬಂತು. ನಮ್ಮ ಬ್ಯಾಂಕು ಬದಲಾಗಿದೆ, ಈ ಸಲದ ಹಣವನ್ನು ಈ ಹೊಸ ಖಾತೆಗೆ ಕಳುಹಿಸಿ ಎಂದಿತ್ತು. ಸಂಘದ ಗುಮಾಸ್ತೆಯಾಗಿದ್ದ ಹುಡುಗಿ ಕಾಗದವನ್ನು ಹಿಡಿದುಕೊಂಡು ನನ್ನ ಬಳಿಗೆ ಬಂದಳು. "ಸಾರ್, ಅವರು ಯಾವಾಗಲೂ ಕೊನೆಯಲ್ಲಿ 'ಇಂತಿ ತಮ್ಮ ವಿಶ್ವಾಸಿ' ಅಂತ ಬರೀತಾರೆ. ಇದರಲ್ಲಿ ಇಲ್ಲ. ವಿಳಾಸದಲ್ಲೂ ಒಂದಕ್ಷರ ಬೇರೆ ಇದ್ದ ಹಾಗಿದೆ" ಎಂದಳು. ನಾನು ಆಗ ಉತ್ತರಪತ್ರಿಕೆಗಳ ಮೌಲ್ಯಮಾಪನದಲ್ಲಿ ಮುಳುಗಿದ್ದೆ. ಕೈಯಲ್ಲಿ ಕೆಂಪು ಪೆನ್ನು ಇತ್ತು. "ವ್ಯಾಪಾರದವರು ಬ್ಯಾಂಕು ಬದಲಾಯಿಸ್ತಾರಮ್ಮ. ನೀನು ಪತ್ತೇದಾರಿ ಕಾದಂಬರಿ ಓದೋದು ಕಡಿಮೆ ಮಾಡು" ಎಂದೆ. ಪಕ್ಕದಲ್ಲಿದ್ದವರು ನಕ್ಕರು. ಅವಳು ಕೆಂಪಗಾಗಿ ಹೊರಟುಹೋದಳು. ಎರಡು ಲಕ್ಷ ಹದಿನೆಂಟು ಸಾವಿರ ರೂಪಾಯಿಗೆ ನಾನು ರುಜು ಹಾಕಿದೆ. ಹನ್ನೆರಡು ದಿನಗಳ ಮೇಲೆ ನಿಜವಾದ ಸರಬರಾಜುದಾರರು ಹಣ ಯಾವಾಗ ಬರುತ್ತದೆಂದು ಕೇಳಿದರು.

ಸಾವಿರಾರು ಮಕ್ಕಳ ಒಂದಕ್ಷರದ ತಪ್ಪಿಗೆ ಅಂಕ ಕಳೆದ ಕಣ್ಣಿಗೆ ತನ್ನ ಮುಂದಿನ ತಪ್ಪು ಕಾಣಲಿಲ್ಲ. ಕಾಣಲಿಲ್ಲವೆಂದೂ ಹೇಳುವಂತಿಲ್ಲ, ತೋರಿಸಿದರೂ ನೋಡಲಿಲ್ಲ. ಹಣದಲ್ಲಿ ಒಂದಿಷ್ಟು ನನ್ನ ಉಳಿತಾಯದಿಂದ ಹೋಯಿತು, ಒಂದಿಷ್ಟು ಸಂಘದ ನಿಧಿಯಿಂದ. ಸರ್ವಸದಸ್ಯರ ಸಭೆಯಲ್ಲಿ ಎದ್ದು ನಿಂತು ಹೇಳಿದಾಗ ಹಿರಿಯರೊಬ್ಬರು ಮೆಲ್ಲಗೆ, ಪಕ್ಕದ ತಾಲ್ಲೂಕಿನ ಸಂಘಕ್ಕೂ ಒಂದು ತಿಂಗಳ ಹಿಂದೆ ಇಂಥದೇ ಕಾಗದ ಬಂದು ಅವರೂ ಮೋಸ ಹೋಗಿದ್ದರೆಂದು ತಿಳಿಸಿದರು. "ಮತ್ತೆ ಯಾಕೆ ಯಾರಿಗೂ ಹೇಳಲಿಲ್ಲ?" ಎಂದು ಕೇಳಿದೆ. "ಮರ್ಯಾದೆ ಪ್ರಶ್ನೆ, ಮೇಷ್ಟ್ರೇ" ಎಂದರು.

ಈ ಮರ್ಯಾದೆಯ ಪ್ರಶ್ನೆ ತಾಲ್ಲೂಕಿಗೆ ಮಾತ್ರ ಸೇರಿದ್ದಲ್ಲ. ಢಾಕಾದ ಕಳ್ಳತನಕ್ಕೆ ಒಂದು ವರ್ಷ ಮೊದಲು, 2015ರ ಜನವರಿಯಲ್ಲಿ, ದಕ್ಷಿಣ ಅಮೆರಿಕದ ಈಕ್ವಡಾರ್ ದೇಶದ ಬ್ಯಾಂಕೊಂದು ಇದೇ ಸ್ವಿಫ್ಟ್ ಜಾಲದ ದಾರಿಯಲ್ಲಿ 1 ಕೋಟಿ 20 ಲಕ್ಷ ಡಾಲರು ಕಳೆದುಕೊಂಡಿತ್ತು. ಜಾಲ ನಡೆಸುವವರಿಗೆ ತಿಳಿಸಿರಲಿಲ್ಲ. ಅದೇ ವರ್ಷದ ಕೊನೆಗೆ ವಿಯೆಟ್ನಾಮಿನ ಬ್ಯಾಂಕೊಂದು ಇಂಥ ಪ್ರಯತ್ನವನ್ನು ಕಂಡುಹಿಡಿದು ತಡೆಯಿತು. ಲೋಕಕ್ಕೆ ಗೊತ್ತಾದದ್ದು 2016ರ ಮೇ ತಿಂಗಳಲ್ಲಿ, ಢಾಕಾದ ಹಣ ಹೋದ ಮೇಲೆ. ಢಾಕಾದ ಪಾಠವಾದರೂ ಊರೂರಿಗೆ ಮುಟ್ಟಿತೆ? 2018ರ ಫೆಬ್ರವರಿಯಲ್ಲಿ ಕುಂಭಕೋಣದಲ್ಲಿ ಮುಖ್ಯ ಕಚೇರಿಯುಳ್ಳ ಸಿಟಿ ಯೂನಿಯನ್ ಬ್ಯಾಂಕಿನಿಂದ ಸುಮಾರು 20 ಲಕ್ಷ ಡಾಲರುಗಳ ಆದೇಶಗಳನ್ನು ಕಳ್ಳರು ಹೊರಡಿಸಿದಾಗ, ಅಲ್ಲಿಯೂ ಕೆಟ್ಟು ನಿಂತದ್ದು ಯಾವುದು ಬಲ್ಲಿರಾ? ಪ್ರಿಂಟರು. ಅಂದಿನ ಲೆಕ್ಕವನ್ನು ಮರುದಿನ ತಾಳೆ ನೋಡಿದುದರಿಂದ ಬೇಗ ಬಯಲಿಗೆ ಬಂತು. ಒಂದು ಭಾಗ ಉಳಿಯಿತು. ಅದೇ ವರ್ಷ ಆಗಸ್ಟ್ ತಿಂಗಳಲ್ಲಿ ಪುಣೆಯ ಕಾಸ್ಮೋಸ್ ಸಹಕಾರಿ ಬ್ಯಾಂಕಿನಿಂದ ಸುಮಾರು 94 ಕೋಟಿ ರೂಪಾಯಿ ಹೋಯಿತು. ಹೆಚ್ಚಿನ ಪಾಲನ್ನು 28 ದೇಶಗಳ ಎ.ಟಿ.ಎಂ.ಗಳಿಂದ ಕೆಲವೇ ಗಂಟೆಗಳಲ್ಲಿ ತೆಗೆದರು. ಅದು 11ನೆಯ ತಾರೀಖು ಶನಿವಾರ. ಜಗತ್ತಿನ ಎ.ಟಿ.ಎಂ.ಗಳನ್ನು ಒಮ್ಮೆಲೇ ಬರಿದುಮಾಡುವ ಸಂಚೊಂದು ನಡೆದಿದೆಯೆಂದು ಅಮೆರಿಕದ ಎಫ್.ಬಿ.ಐ. ಬ್ಯಾಂಕುಗಳಿಗೆ ಗುಟ್ಟಾಗಿ ಎಚ್ಚರಿಕೆ ಕಳುಹಿಸಿದ್ದು ಹಿಂದಿನ ದಿನ, ಶುಕ್ರವಾರ. ಹೊರಗಿನ ಕಣ್ಣು ಕಂಡಿತ್ತು. ಕಂಡದ್ದು ಒಳಗಿನ ಕೈಗೆ ಮುಟ್ಟಲು ಒಂದು ರಾತ್ರಿ ಸಾಲದು.

ಆದ್ದರಿಂದ ಹೇಳುವ ಕಟ್ಟಳೆ ಬೇಕಾಯಿತು. ನಮ್ಮ ದೇಶದಲ್ಲಿ 2004ರಿಂದ 'ಸರ್ಟ್-ಇನ್' ಎಂಬ ಕೇಂದ್ರ ಸಂಸ್ಥೆ ಇಂಥ ಸುಳಿವುಗಳನ್ನು ಕಲೆಹಾಕಿ ಹಂಚುವ ಕೆಲಸ ಮಾಡುತ್ತಿದೆ. 2022ನೆಯ ಇಸವಿ ಏಪ್ರಿಲ್ 28ರಂದು ಅದು ಹೊರಡಿಸಿದ ನಿರ್ದೇಶನದಂತೆ, ಕಂಪನಿಗಳೂ ಸರಕಾರಿ ಸಂಸ್ಥೆಗಳೂ ತಮ್ಮಲ್ಲಿ ಕನ್ನ ಬಿದ್ದುದು ಗಮನಕ್ಕೆ ಬಂದ ಆರು ಗಂಟೆಯೊಳಗೆ ವರದಿ ಮಾಡಬೇಕು. ಯಂತ್ರಗಳ ದಿನಚರಿಯನ್ನು 180 ದಿನ ಕಾಪಾಡಿಡಬೇಕು. ಆರು ಗಂಟೆ ತೀರ ಕಡಿಮೆಯೆಂದು ಕಂಪನಿಗಳು ಗೊಣಗಿದವು. ಗೊಣಗಲಿ. ನನ್ನ ನೆರೆಯ ಸಂಘದವರು ಆರು ಗಂಟೆಯಲ್ಲ, ಆರು ದಿನದೊಳಗೆ ಹೇಳಿದ್ದರೂ ನನಗೆ ಸಾಕಾಗಿತ್ತು. ಮೋಸ ಹೋದ ವ್ಯಕ್ತಿಗಳು ಕೂಡಲೆ 1930 ಎಂಬ ಸಂಖ್ಯೆಗೆ ಫೋನು ಮಾಡಬೇಕು. ಹಣ ದಾಟುವ ಮುನ್ನ ತಡೆಯಲು ಅದರಿಂದ ಸಾಧ್ಯವಾಗಬಹುದು. ಹನ್ನೆರಡು ದಿನ ಕಳೆದ ಮೇಲೆ ಮಾಡಿದರೆ ಏನಾಗುತ್ತದೆಂಬುದನ್ನು ಮಾತ್ರ ನಾನು ಅನುಭವದಿಂದ ಬಲ್ಲೆ.

ಒಂದು ಸಂಶಯವನ್ನೂ ಇಲ್ಲಿ ಹೇಳಿಬಿಡಬೇಕು. ಬೇಹು ಎಂಬ ಮಾತಿಗೆ ಒಂದು ಕಹಿಯೂ ಇದೆ. ಕೇಡನ್ನು ಮೊದಲೇ ಹಿಡಿಯುತ್ತೇವೆಂಬ ನೆಪದಲ್ಲಿ ನೌಕರರ ಪ್ರತಿಯೊಂದು ಮಾತನ್ನೂ ಬಿಡುವನ್ನೂ ಇಣಿಕಿ ನೋಡುವ ಯಜಮಾನರಿದ್ದಾರೆ. ಕೌಟಿಲ್ಯನೂ ಮಂತ್ರಿಗಳನ್ನೇ ಪರೀಕ್ಷಿಸಲು ಹೇಳಿದ್ದಾನೆ. ಆ ಭಾಗ ನನಗೆ ಎಂದೂ ರುಚಿಸಿಲ್ಲ. ಹಾಗೆ ಇಣಿಕುವ ಕಚೇರಿಯಲ್ಲಿ ತಪ್ಪು ಮಾಡಿದವನು ಅದನ್ನು ಮುಚ್ಚಿಡುತ್ತಾನೆ. ಕೆಟ್ಟ ಇ-ಮೇಲನ್ನು ತೆರೆದುಬಿಟ್ಟೆನೆಂದು ಧೈರ್ಯವಾಗಿ ಬಂದು ಹೇಳುವ ಗುಮಾಸ್ತನಿಗಿಂತ ಒಳ್ಳೆಯ ಬೇಹಿನವನು ಯಾವ ಸಂಸ್ಥೆಗೂ ಸಿಗಲಾರನು. ಅವನನ್ನು ಹೆದರಿಸಿದ ದಿನ ನಿಮ್ಮ ಒಳಗಣ್ಣನ್ನು ನೀವೇ ಚುಚ್ಚಿಕೊಂಡಂತೆ.

ನಮ್ಮಂಥ ಸಣ್ಣ ಸಂಘಕ್ಕೆ ಹದಿನಾರು ಲಕ್ಷ ಡಾಲರಿನ ಸಾಧನ ಎಲ್ಲಿಂದ ಬಂದೀತು? ಆ ಘಟನೆಯ ಮೇಲೆ ನಾವು ಮಾಡಿದ್ದು ಇಷ್ಟು. ಖಾತೆ ಬದಲಾಯಿತೆಂದು ಕಾಗದ ಬಂದರೆ, ಆ ಕಾಗದದಲ್ಲಿರುವ ನಂಬರಿಗಲ್ಲದೆ ನಮ್ಮ ಹಳೆಯ ಪುಸ್ತಕದಲ್ಲಿರುವ ನಂಬರಿಗೆ ಫೋನು ಮಾಡಿ, ಪರಿಚಿತ ದನಿಯನ್ನು ಕೇಳಿದ ಮೇಲೆಯೇ ರುಜು. ದಿನದ ಕೊನೆಗೆ ಬ್ಯಾಂಕಿನ ಲೆಕ್ಕವನ್ನೂ ನಮ್ಮ ಲೆಕ್ಕವನ್ನೂ ಇಬ್ಬರು ಕುಳಿತು ತಾಳೆ ನೋಡುವುದು. ಸುತ್ತಲ ಐದು ಸಂಘಗಳವರು ಒಂದು ವಾಟ್ಸಾಪ್ ಗುಂಪು ಮಾಡಿಕೊಂಡೆವು. ಅದರಲ್ಲಿ ಶುಭೋದಯದ ಚಿತ್ರಗಳಿಗೆ ನಿಷೇಧ, ಬಂದ ಮೋಸದ ಕಾಗದಗಳಿಗೆ ಮಾತ್ರ ಪ್ರವೇಶ. ಹೋದ ವರ್ಷ ಆ ಗುಂಪಿನಲ್ಲಿ ಬಂದ ಒಂದು ಚಿತ್ರದಿಂದ ಇನ್ನೊಂದು ಸಂಘ ಉಳಿಯಿತು. ಆ ಸಂಘದ ಅಧ್ಯಕ್ಷರು ಹಣ್ಣಿನ ಬುಟ್ಟಿ ಕಳುಹಿಸಿದರು; ಅದು ಗುಮಾಸ್ತೆಯ ಮೇಜಿಗೆ ಹೋಯಿತು.

ಅವಳಲ್ಲಿ ನಾನು ಕ್ಷಮೆ ಕೇಳಿದೆ, ಆ ನಕ್ಕವರೆದುರಿಗೇ. ಅವಳು, "ಅಯ್ಯೋ ಬಿಡಿ ಸಾರ್" ಎಂದಳು. ಮರುದಿನ ನಾನು ನೂರು ಪುಟದ ಒಂದು ನೋಟ್‌ಬುಕ್ಕು ತಂದುಕೊಟ್ಟು, ವಾಡಿಕೆಗೆ ಹೊರತಾದದ್ದು ಏನೇ ಕಂಡರೂ, ಎಷ್ಟೇ ಸಣ್ಣದಾದರೂ, ಇದರಲ್ಲಿ ಬರೆಯಬೇಕೆಂದು ಕೇಳಿಕೊಂಡೆ. ಈಗ ನಾನು ಕಾರ್ಯದರ್ಶಿಯಲ್ಲ. ಆದರೂ ವಾರಕ್ಕೊಮ್ಮೆ ಹೋಗಿ ಅದನ್ನು ಓದುತ್ತೇನೆ. ಅವಳ ಬರೆಹದಲ್ಲಿ ಅಲ್ಪಪ್ರಾಣ ಮಹಾಪ್ರಾಣಗಳ ತಪ್ಪು ಉಂಟು, ಕೆಂಪು ಗೆರೆ ಎಳೆಯುವುದಿಲ್ಲ. ಮೊನ್ನೆ ಸೋಮವಾರದ ಪುಟದಲ್ಲಿ, "ಬೆಳಗ್ಗೆ ಹತ್ತು ಗಂಟೆಯಿಂದ ಪ್ರಿಂಟರು ಕೆಲಸ ಮಾಡುತ್ತಿಲ್ಲ" ಎಂದಿತ್ತು. ನನ್ನ ಎದೆ ಧಸಕ್ಕೆಂದಿತು. ಕಾರ್ಯದರ್ಶಿಯನ್ನು ಕರೆಸಿ, ಬ್ಯಾಂಕಿಗೆ ಫೋನು ಮಾಡಿಸಿ, ಮೂರು ದಿನದ ಲೆಕ್ಕವನ್ನೆಲ್ಲ ತಾಳೆ ನೋಡಿಸಿ, ಕೊನೆಗೆ ಮೇಜನ್ನು ಎಳೆದು ನೋಡಿದೆವು. ಇಲಿ ತಂತಿ ಕಡಿದಿತ್ತು.